1968ರಲ್ಲಿ ಹಂಫ್ರೆ ಗೆದ್ದಿದ್ದರೆ?

ಪ್ರಶ್ನೆ: 1968ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲಿ ರಿಚರ್ಡ್ ನಿಕ್ಸನ್ ಸೋತು ಹ್ಯೂಬರ್ಟ್ ಹಂಫ್ರೆ ಗೆದ್ದಿದ್ದರೆ ಏನಾಗುತ್ತಿತ್ತು? ವಿಯೆಟ್ನಾಂ ಯುದ್ಧ ಬೇಗ ಮುಗಿಯುತ್ತಿತ್ತೇ? 1971ರಲ್ಲಿ ನಮ್ಮನ್ನು ಹೆದರಿಸಲು ಬಂಗಾಳ ಕೊಲ್ಲಿಗೆ ಅಮೆರಿಕದ ಯುದ್ಧನೌಕೆ ಬರುತ್ತಿರಲಿಲ್ಲ ಅಲ್ವಾ? ಸುಮ್ನೆ ಕುತೂಹಲಕ್ಕೆ ಕೇಳುತ್ತಿದ್ದೇನೆ.

ಉತ್ತರ: ಅತ್ತೆಗೆ ಮೀಸೆ ಬಂದಿದ್ದರೆ ಚಿಕ್ಕಪ್ಪ ಅನ್ನಬಹುದಿತ್ತು ಎಂದು ಹೇಳಿ ಇಂಥ ಪ್ರಶ್ನೆಗಳ ಬಾಯಿ ಮುಚ್ಚಿಸುವುದು ನಮ್ಮಲ್ಲಿ ರೂಢಿ. ನನಗೆ ಆ ಗಾದೆಯ ಮೇಲೆ ಸ್ವಲ್ಪ ಸಿಟ್ಟಿದೆ. ಕೆಲವು ಚುನಾವಣೆಗಳಲ್ಲಿ ಅತ್ತೆಗೆ ಮೀಸೆ ಬರುವುದು ಕೂದಲೆಳೆಯಲ್ಲಿ ತಪ್ಪಿರುತ್ತದೆ. 1968 ಅಂಥದ್ದು.

ಮೊದಲು ಲೆಕ್ಕ ನೋಡೋಣ. ಏಳು ಕೋಟಿಗೂ ಜಾಸ್ತಿ ಜನ ಮತ ಹಾಕಿದ್ದರು. ರಿಪಬ್ಲಿಕನ್ ಪಕ್ಷದ ನಿಕ್ಸನ್‌ಗೆ ಶೇ 43.4, ಡೆಮಾಕ್ರಟಿಕ್ ಪಕ್ಷದ ಹಂಫ್ರೆಗೆ ಶೇ 42.7. ಅಂತರ ಸುಮಾರು 5 ಲಕ್ಷ ಮತ. ಆದರೆ ಅಲ್ಲಿ ಒಟ್ಟು ಮತದಿಂದ ಯಾರೂ ಗೆಲ್ಲುವುದಿಲ್ಲ. ರಾಜ್ಯಕ್ಕಿಷ್ಟು ಎಂದು ಎಲೆಕ್ಟರ್‌ಗಳಿರುತ್ತಾರೆ. ಬಹುತೇಕ ಎಲ್ಲ ಕಡೆ, ಒಂದು ರಾಜ್ಯದಲ್ಲಿ ಒಂದೇ ಮತ ಜಾಸ್ತಿ ಬಿದ್ದರೂ ಆ ರಾಜ್ಯದ ಅಷ್ಟೂ ಎಲೆಕ್ಟರ್‌ಗಳು ಗೆದ್ದವನ ಪಾಲು. 538ರಲ್ಲಿ 270 ಬಂದರೆ ಶ್ವೇತಭವನ. ನಿಕ್ಸನ್‌ಗೆ 301 ಬಂತು, ಹಂಫ್ರೆಗೆ 191. ಕರಿಯರು ಬಿಳಿಯರು ಬೆರೆಯುವುದನ್ನು ವಿರೋಧಿಸುತ್ತಿದ್ದ ಅಲಬಾಮಾದ ಜಾರ್ಜ್ ವಾಲೇಸ್ ಬೇರೆ ಪಕ್ಷ ಕಟ್ಟಿಕೊಂಡು ನಿಂತು 46 ತೆಗೆದುಕೊಂಡರು.

301 ಎಲ್ಲಿ, 191 ಎಲ್ಲಿ, ಇದೇನು ಕೂದಲೆಳೆ ಅನ್ನಬಹುದು ನೀವು. ರಾಜ್ಯ ರಾಜ್ಯದ ಅಂತರ ನೋಡಿ. ಮಿಸೌರಿಯಲ್ಲಿ ನಿಕ್ಸನ್ ಗೆದ್ದದ್ದು ಸುಮಾರು 20 ಸಾವಿರ ಮತಗಳಿಂದ. ನ್ಯೂಜೆರ್ಸಿಯಲ್ಲಿ 61 ಸಾವಿರ. ಒಹಾಯೊದಲ್ಲಿ 90 ಸಾವಿರ. ಇಲಿನಾಯ್‌ನಲ್ಲಿ 1 ಲಕ್ಷ 35 ಸಾವಿರ. ಈ ನಾಲ್ಕು ರಾಜ್ಯಗಳ ಎಲೆಕ್ಟರ್‌ಗಳು ಸೇರಿ 81. ಅವು ಈ ಕಡೆ ಬಂದರೆ ಹಂಫ್ರೆಗೆ 272. ಅಂದರೆ ಈ ನಾಲ್ಕು ರಾಜ್ಯಗಳಲ್ಲಿ ಒಟ್ಟು ಒಂದೂವರೆ ಲಕ್ಷಕ್ಕೆ ಸ್ವಲ್ಪ ಮೇಲೆ ಜನ ಮನಸ್ಸು ಬದಲಿಸಿದ್ದರೆ ಸಾಕಿತ್ತು.

ಇಂಥ ಪ್ರಶ್ನೆಗೆ ಉತ್ತರ ಹುಡುಕುವಾಗ ನಾನು ಒಂದು ಅಳತೆಗೋಲು ಇಟ್ಟುಕೊಂಡಿದ್ದೇನೆ. ಯಾವ ಕೆಲಸವಾದರೂ ಸರಿ, ಅದು ಅಧ್ಯಕ್ಷನೊಬ್ಬನ ಕೈಲಿ ಇತ್ತಾ, ಇಲ್ಲ ಹತ್ತು ಕಡೆಯಿಂದ ತಳ್ಳಿಸಿಕೊಂಡು ಬಂದು ಅವನ ಮೇಜಿನ ಮೇಲೆ ಬಿತ್ತಾ? ಮೊದಲನೆಯದಾದರೆ ಆಳು ಬದಲಾದರೆ ಕೆಲಸವೂ ಬದಲಾಗುತ್ತದೆ. ಎರಡನೆಯದಾದರೆ ಯಾರು ಕೂತಿದ್ದರೂ ಹೆಚ್ಚುಕಮ್ಮಿ ಅದೇ. ಈ ಅಳತೆಗೋಲು ಹಿಡಿದರೆ ಉತ್ತರಗಳು ನಾವು ಅಂದುಕೊಂಡ ಜಾಗದಲ್ಲಿ ಸಿಗುವುದಿಲ್ಲ. ವಿಯೆಟ್ನಾಂ ವಿಷಯದಲ್ಲಿ ನಿಮಗೆ ಸ್ವಲ್ಪ ನಿರಾಸೆ ಆಗಬಹುದು. ಕೋರ್ಟಿನ ವಿಷಯದಲ್ಲಿ ಆಶ್ಚರ್ಯ ಆಗಬಹುದು.

ಹಂಫ್ರೆ ಯಾರು ಅಂತ ಎರಡು ಮಾತು. ಸೌತ್ ಡಕೋಟಾದ ಔಷಧ ಅಂಗಡಿಯವನ ಮಗ. ತಮಾಷೆ ಎಂದರೆ ಅವರು ಹುಟ್ಟಿದ ಊರಿನ ಹೆಸರೇ ವಾಲೇಸ್. ಮಿನಿಯಾಪೊಲಿಸ್ ಮೇಯರ್ ಆಗಿದ್ದಾಗ, 1948ರ ಡೆಮಾಕ್ರಟಿಕ್ ಅಧಿವೇಶನದಲ್ಲಿ ಕರಿಯರ ನಾಗರಿಕ ಹಕ್ಕುಗಳ ಪರ ಮಾಡಿದ ಭಾಷಣದಿಂದ ದೇಶಕ್ಕೆಲ್ಲ ಪರಿಚಯವಾದರು. ಆಮೇಲೆ ಸೆನೆಟರ್. 1965ರಿಂದ ಲಿಂಡನ್ ಜಾನ್ಸನ್ ಅವರ ಉಪಾಧ್ಯಕ್ಷ. ಆ ವರ್ಷ ಫೆಬ್ರವರಿಯಲ್ಲಿ ಅವರು ಜಾನ್ಸನ್‌ಗೆ ಒಂದು ಖಾಸಗಿ ಟಿಪ್ಪಣಿ ಬರೆದರು. ವಿಯೆಟ್ನಾಂನಲ್ಲಿ ಯುದ್ಧ ಹೆಚ್ಚಿಸಬೇಡಿ, ಈಗಷ್ಟೇ ಭಾರಿ ಬಹುಮತದಿಂದ ಗೆದ್ದಿದ್ದೀರಿ, ಹಿಂದೆ ಸರಿಯಲು ಇದಕ್ಕಿಂತ ಒಳ್ಳೆ ಕಾಲ ಸಿಗುವುದಿಲ್ಲ ಎಂಬುದು ಅದರ ಸಾರ. ಜಾನ್ಸನ್ ಸಿಟ್ಟಾದರು. ಸುಮಾರು ಒಂದು ವರ್ಷ ಹಂಫ್ರೆಯನ್ನು ವಿಯೆಟ್ನಾಂ ಸಭೆಗಳಿಂದ ದೂರ ಇಟ್ಟರು. ಪೆಟ್ಟು ತಿಂದ ಹಂಫ್ರೆ ಆಮೇಲೆ ಯುದ್ಧದ ಪರವಾಗಿ ಊರೂರು ಸುತ್ತಿ ಮಾತಾಡಿದರು. ಆ ಟಿಪ್ಪಣಿ ಬರೆದವನೂ ಅವರೇ, ಈ ಭಾಷಣ ಮಾಡಿದವನೂ ಅವರೇ. 1969ರಲ್ಲಿ ಇವರಿಬ್ಬರಲ್ಲಿ ಯಾರು ಅಧಿಕಾರಕ್ಕೆ ಬರುತ್ತಿದ್ದರು ಅನ್ನುವುದೇ ನಿಮ್ಮ ಪ್ರಶ್ನೆಯ ತಿರುಳು.

ಈಗ ಕಥೆಯನ್ನು ಎಲ್ಲಿ ತಿರುಗಿಸುವುದು? ಜಾಸ್ತಿ ಜನ, ಡೆಮಾಕ್ರಟಿಕ್ ಟಿಕೆಟ್‌ಗೆ ಹಂಫ್ರೆ ಎದುರು ನಿಂತಿದ್ದ ರಾಬರ್ಟ್ ಕೆನಡಿಯಿಂದ ಶುರು ಮಾಡುತ್ತಾರೆ. ಜೂನ್ 5ರಂದು ಲಾಸ್ ಏಂಜಲೀಸ್ ಹೋಟೆಲಿನಲ್ಲಿ ಗುಂಡು ಬೀಳದೇ ಇದ್ದಿದ್ದರೆ ಎಂದು. ನನಗೆ ಅದು ಅಷ್ಟು ಗಟ್ಟಿ ಅನ್ನಿಸುವುದಿಲ್ಲ. ಕೆನಡಿ ಸಾಯುವ ಹೊತ್ತಿಗೆ ಹಂಫ್ರೆ ಬಳಿ ಪಕ್ಷದ ಅಧಿವೇಶನದಲ್ಲಿ ಅಭ್ಯರ್ಥಿಯನ್ನು ಆರಿಸುವ 561 ಪ್ರತಿನಿಧಿಗಳಿದ್ದರು, ಕೆನಡಿ ಬಳಿ 393, ಯುದ್ಧವಿರೋಧಿ ಸೆನೆಟರ್ ಯೂಜೀನ್ ಮೆಕಾರ್ಥಿ ಬಳಿ 258. ಆಗ ಎಲ್ಲ ರಾಜ್ಯಗಳಲ್ಲೂ ಪ್ರೈಮರಿ, ಅಂದರೆ ಅಭ್ಯರ್ಥಿಯನ್ನು ಆರಿಸಲು ಜನ ಮತ ಹಾಕುವ ಪದ್ಧತಿ, ಇರಲಿಲ್ಲ. ಬಹುತೇಕ ಕಡೆ ಪಕ್ಷದ ಯಜಮಾನರೇ ಅಭ್ಯರ್ಥಿಯನ್ನು ಆರಿಸುತ್ತಿದ್ದರು. ಅವರು ಹಂಫ್ರೆ ಕಡೆ ಇದ್ದರು. ಕೆನಡಿ ಬದುಕಿದ್ದರೂ ಟಿಕೆಟ್ ಹಂಫ್ರೆಗೇ ಹೋಗುವ ಸಾಧ್ಯತೆ ಜಾಸ್ತಿ.

ನಾನಾದರೆ ಇನ್ನೂ ಚಿಕ್ಕ ಜಾಗ ಹಿಡಿಯುತ್ತೇನೆ. ಒಂದು ಫೋನ್ ಕರೆ.

ಆಗಸ್ಟ್ ಕೊನೆಯಲ್ಲಿ ಶಿಕಾಗೊ ಅಧಿವೇಶನ. ಹೊರಗೆ ಬೀದಿಯಲ್ಲಿ ಪೊಲೀಸರು ಯುದ್ಧವಿರೋಧಿ ಹುಡುಗರನ್ನು ಲಾಠಿಯಲ್ಲಿ ಚಚ್ಚುತ್ತಿದ್ದರು. ಅದು ಟಿವಿಯಲ್ಲಿ ಮನೆಮನೆಗೆ ತಲುಪಿತು. ಇದಕ್ಕೆ ಮುಂಚೆ ವಿಯೆಟ್ನಾಂ ಬಗ್ಗೆ ಪಕ್ಷದ ಪ್ರಣಾಳಿಕೆಯಲ್ಲಿ ಏನು ಬರೆಯಬೇಕು ಅನ್ನುವ ಬಗ್ಗೆ ಹಂಫ್ರೆ ಕಡೆಯವರು ಶಾಂತಿ ಬಯಸುವವರ ಜೊತೆ ಹೆಚ್ಚುಕಡಿಮೆ ಒಂದು ರಾಜಿಗೆ ಬಂದಿದ್ದರು. ಟೆಕ್ಸಸ್‌ನ ತಮ್ಮ ರ್‍ಯಾಂಚ್‌ನಲ್ಲಿ ಕೂತಿದ್ದ ಜಾನ್ಸನ್‌ಗೆ ಸುದ್ದಿ ಹೋಯಿತು. ಅವರು ಬೇಡ ಅಂದರು. ರಾಜಿ ಮುರಿಯಿತು. ಜಾನ್ಸನ್ ನೀತಿಯ ಪರ 1,567¾ ಮತ, ವಿರುದ್ಧ 1,041¼. (ಹೌದು, ಮುಕ್ಕಾಲು ಮತ, ಕಾಲು ಮತ. ಕೆಲವು ಪ್ರತಿನಿಧಿಗಳಿಗೆ ಪೂರ್ತಿ ಮತ ಇರುತ್ತಿರಲಿಲ್ಲ.) ಹಂಫ್ರೆ ಅಡಕತ್ತರಿಗೆ ಸಿಕ್ಕ ಅಡಿಕೆಯ ಹಾಗಾದರು. ಈ ಕಡೆ ಜಾನ್ಸನ್, ಆ ಕಡೆ ಹೋದಲ್ಲೆಲ್ಲ ಕೂಗಿ ಭಾಷಣ ನಿಲ್ಲಿಸುವ ಹುಡುಗರು. ಸೆಪ್ಟೆಂಬರ್ ಕೊನೆಯ ಗ್ಯಾಲಪ್ ಸಮೀಕ್ಷೆಯಲ್ಲಿ ನಿಕ್ಸನ್ 43, ಹಂಫ್ರೆ 28, ವಾಲೇಸ್ 21.

ಸೆಪ್ಟೆಂಬರ್ 30ಕ್ಕೆ ಹಂಫ್ರೆ ಸಾಲ್ಟ್ ಲೇಕ್ ಸಿಟಿಯಲ್ಲಿ ಧೈರ್ಯ ಮಾಡಿದರು. ಶಾಂತಿಗಾಗಿ ಉತ್ತರ ವಿಯೆಟ್ನಾಂ ಮೇಲೆ ಬಾಂಬ್ ಹಾಕುವುದನ್ನು ನಿಲ್ಲಿಸಲು ಸಿದ್ಧ ಎಂದು ಟಿವಿಯಲ್ಲಿ ಹೇಳಿದರು. ಮಾತು ಬಹಳ ಅಳೆದು ತೂಗಿದ್ದು. ಆದರೂ ಮರುದಿನದಿಂದ ಗಾಳಿ ತಿರುಗಿತು. ಕೂಗಾಟ ಕಡಿಮೆಯಾಯಿತು, ದುಡ್ಡು ಬರತೊಡಗಿತು. ಅದೇ ಹೊತ್ತಿಗೆ ವಾಲೇಸ್ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡರು. ಅವರು ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿದ ವಾಯುಪಡೆಯ ನಿವೃತ್ತ ಜನರಲ್ ಕರ್ಟಿಸ್ ಲಮೇ ಮೊದಲ ಪತ್ರಿಕಾಗೋಷ್ಠಿಯಲ್ಲೇ ಅಣುಬಾಂಬ್ ಬಗ್ಗೆ ಜನರಿಗೆ ಸುಮ್ನೆ ಭಯ ಅನ್ನುವ ಧಾಟಿಯಲ್ಲಿ ಮಾತಾಡಿದರು. ಪಕ್ಕದಲ್ಲೇ ನಿಂತಿದ್ದ ವಾಲೇಸ್ ಸಾವರಿಸಲು ಒದ್ದಾಡಿದರು. ಕಾರ್ಮಿಕ ಸಂಘಗಳೂ ವಾಲೇಸ್ ಕಡೆ ಹೋಗಿದ್ದ ತಮ್ಮ ಜನರನ್ನು ಹಿಂದಕ್ಕೆಳೆದವು. ಚುನಾವಣೆಯ ಹಿಂದಿನ ಕೊನೆಯ ಗ್ಯಾಲಪ್: ನಿಕ್ಸನ್ 42, ಹಂಫ್ರೆ 40. ಐದು ವಾರದಲ್ಲಿ 15 ಅಂಕದ ಅಂತರ 2ಕ್ಕೆ ಇಳಿದಿತ್ತು. ಜಾನ್ಸನ್ ಆ ಫೋನ್ ಎತ್ತದೇ ಇದ್ದಿದ್ದರೆ ಈ ಏರಿಕೆ ಒಂದು ತಿಂಗಳು ಮುಂಚೆ ಶುರುವಾಗುತ್ತಿತ್ತು. ಒಂದೂವರೆ ಲಕ್ಷ ಜನ ಅಷ್ಟರಲ್ಲಿ ತಿರುಗಿರುತ್ತಿದ್ದರು ಅನ್ನಲು ನನಗೆ ಸಂಕೋಚವಿಲ್ಲ.

ಇನ್ನೊಂದು ತಿರುವೂ ಇದೆ. ಇದನ್ನು ಬಿಟ್ಟರೆ 1968ರ ಕಥೆಯೇ ಅರ್ಧ. ಅಕ್ಟೋಬರ್ 31ರಂದು ಜಾನ್ಸನ್ ಬಾಂಬ್ ದಾಳಿ ಪೂರ್ತಿ ನಿಲ್ಲಿಸಿದರು. ಪ್ಯಾರಿಸ್ ಮಾತುಕತೆಗೆ ಈಗ ದಕ್ಷಿಣ ವಿಯೆಟ್ನಾಂ ಕೂಡ ಬರಬೇಕಿತ್ತು. ನವೆಂಬರ್ 2ರಂದು ಅಲ್ಲಿನ ಅಧ್ಯಕ್ಷ ಥಿಯು ನಾವು ಬರುವುದಿಲ್ಲ ಎಂದುಬಿಟ್ಟರು. ಚುನಾವಣೆಗೆ ಮೂರೇ ದಿನ. ಆ ದಿನಗಳಲ್ಲಿ ರಿಪಬ್ಲಿಕನ್ ಪಕ್ಷಕ್ಕೆ ಹಣ ಎತ್ತುತ್ತಿದ್ದ ಆನಾ ಶೆನಾಲ್ಟ್ ಎಂಬಾಕೆ ದಕ್ಷಿಣ ವಿಯೆಟ್ನಾಂ ರಾಯಭಾರಿಗೆ ಸ್ವಲ್ಪ ತಡೆಯಿರಿ, ನಿಕ್ಸನ್ ಬಂದರೆ ನಿಮಗೆ ಒಳ್ಳೆಯದಾಗುತ್ತದೆ ಎಂಬ ಸಂದೇಶ ಮುಟ್ಟಿಸುತ್ತಿದ್ದರು. ಕದ್ದಾಲಿಕೆಯಿಂದ ಜಾನ್ಸನ್‌ಗೆ ಇದು ಗೊತ್ತಾಯಿತು. ಸೆನೆಟ್‌ನ ರಿಪಬ್ಲಿಕನ್ ನಾಯಕ ಡರ್ಕ್ಸನ್‌ಗೆ ಫೋನ್ ಮಾಡಿ ಇದು ದೇಶದ್ರೋಹ ಎಂದರು. ಆದರೆ ಬಾಯಿಬಿಟ್ಟು ಜನರಿಗೆ ಹೇಳಲಿಲ್ಲ. ಹೇಳಿದರೆ ಮಿತ್ರದೇಶದ ರಾಯಭಾರ ಕಚೇರಿಯ ಮಾತನ್ನು ಕದ್ದು ಕೇಳಿದ್ದೂ ಬಯಲಾಗುತ್ತಿತ್ತು. ಹಂಫ್ರೆಗೂ ವಿಷಯ ಗೊತ್ತಾಯಿತು. ಅವರೂ ಬಳಸಲಿಲ್ಲ. ನುಂಗಲಾರದ ಬಿಸಿ ತುಪ್ಪ. ಮತದಾನದ ಹಿಂದಿನ ದಿನ 'ಕ್ರಿಶ್ಚಿಯನ್ ಸೈನ್ಸ್ ಮಾನಿಟರ್' ಪತ್ರಿಕೆ ಈ ಸುದ್ದಿ ನಿಜವೇ ಎಂದು ಶ್ವೇತಭವನವನ್ನು ಕೇಳಿತು. ಶ್ವೇತಭವನ ಹೌದು ಅನ್ನಲೂ ಇಲ್ಲ, ಇಲ್ಲ ಅನ್ನಲೂ ಇಲ್ಲ. ನಿಕ್ಸನ್ ಕೈಯಿದೆ ಎಂಬ ಆರೋಪ ಆ ಸುದ್ದಿಯಲ್ಲಿ ಉಳಿಯಲಿಲ್ಲ.

ನಿಕ್ಸನ್‌ಗೆ ನೇರ ಸಂಬಂಧ ಇತ್ತೇ ಅನ್ನುವ ಚರ್ಚೆ ಬಹಳ ಕಾಲ ನಡೆಯಿತು. 2017ರ ಹೊತ್ತಿಗೆ ಅವರ ಆಪ್ತ ಹಾಲ್ಡ್‌ಮನ್ 1968ರ ಅಕ್ಟೋಬರ್ 22ರಂದು ಗೀಚಿಕೊಂಡ ಟಿಪ್ಪಣಿ ಬೆಳಕಿಗೆ ಬಂತು. ಆನಾ ಶೆನಾಲ್ಟ್ ಕೆಲಸ ಮುಂದುವರಿಸಲಿ ಎಂಬ ನಿಕ್ಸನ್ ಸೂಚನೆ ಅದರಲ್ಲಿದೆ. ಆದರೆ ಇಲ್ಲಿ ನಾವು ಹುಷಾರಾಗಿರಬೇಕು. ಶೆನಾಲ್ಟ್ ಹೇಳದಿದ್ದರೂ ಥಿಯು ಬರದೇ ಇರಬಹುದಿತ್ತು. ಹಂಫ್ರೆಗಿಂತ ನಿಕ್ಸನ್ ತನಗೆ ಒಳ್ಳೆಯವನು ಅನ್ನುವುದನ್ನು ಯಾರೂ ಕಿವಿಯಲ್ಲಿ ಊದಬೇಕಿರಲಿಲ್ಲ.

ಸರಿ, ಹಂಫ್ರೆ ಗೆದ್ದರು ಎಂದಿಟ್ಟುಕೊಳ್ಳಿ. 1969ರ ಜನವರಿ 20. ವಿಯೆಟ್ನಾಂನಲ್ಲಿ 5 ಲಕ್ಷಕ್ಕೂ ಜಾಸ್ತಿ ಅಮೆರಿಕನ್ ಸೈನಿಕರಿದ್ದಾರೆ. ಪ್ಯಾರಿಸ್‌ನಲ್ಲಿ ಮಾತುಕತೆಯ ಮೇಜು ಗುಂಡಗಿರಬೇಕೋ ಚೌಕವಾಗಿರಬೇಕೋ ಅನ್ನುವ ಜಗಳ ಈಗಷ್ಟೇ ಮುಗಿದಿದೆ. ಇದು ನನ್ನ ತಮಾಷೆ ಅಲ್ಲ, ವಾರಗಟ್ಟಲೆ ನಡೆದ ನಿಜವಾದ ಜಗಳ. ಹನೋಯ್, ಅಂದರೆ ಉತ್ತರ ವಿಯೆಟ್ನಾಂ ಸರ್ಕಾರ, ಬಯಸುತ್ತಿದ್ದದ್ದು ಇಡೀ ದಕ್ಷಿಣ. ದಕ್ಷಿಣದ ರಾಜಧಾನಿ ಸೈಗಾನ್ ಬಯಸುತ್ತಿದ್ದದ್ದು ಅಮೆರಿಕನ್ನರು ಅಲ್ಲೇ ಇರಲಿ ಎಂದು. ಶ್ವೇತಭವನದಲ್ಲಿ ಯಾರು ಬಂದರೂ ಈ ಎರಡೂ ಹಾಗೇ ಇರುತ್ತಿದ್ದವು. ಹಾಗಾಗಿ ಹಂಫ್ರೆ ಬಂದ ತಕ್ಷಣ ಶಾಂತಿ ಒಪ್ಪಂದ ಆಗುತ್ತಿತ್ತು ಅನ್ನುವುದನ್ನು ನಾನು ಒಪ್ಪುವುದಿಲ್ಲ.

ಬದಲಾಗುತ್ತಿದ್ದದ್ದು ಹಿಂದೆ ಸರಿಯುವ ವೇಗ. ನಿಕ್ಸನ್ ಮೊದಲ 25 ಸಾವಿರ ಸೈನಿಕರನ್ನು ವಾಪಸ್ ಕರೆಯುವುದಾಗಿ ಹೇಳಿದ್ದು 1969ರ ಜೂನ್‌ನಲ್ಲಿ. ಆಮೇಲೆ ಮೂರೂವರೆ ವರ್ಷ ಎಳೆದು 1973ರ ಜನವರಿಯಲ್ಲಿ ಪ್ಯಾರಿಸ್ ಒಪ್ಪಂದ ಮಾಡಿಕೊಂಡರು. ಎಳೆಯಲು ಅವರಿಗೆ ಕಾರಣವಿತ್ತು, ಸಮಯವೂ ಇತ್ತು. ಹಂಫ್ರೆಗೆ ಎರಡೂ ಇರುತ್ತಿರಲಿಲ್ಲ. ಅವರ ಪಕ್ಷವೇ ಅವರನ್ನು ಬಿಡುತ್ತಿರಲಿಲ್ಲ. ಇದೇ ಯುದ್ಧ ಜಾನ್ಸನ್‌ರನ್ನು ಕಣದಿಂದ ಓಡಿಸಿದ್ದನ್ನು ಅವರು ಕಣ್ಣಾರೆ ನೋಡಿದ್ದರು. 1970ರ ಕೊನೆ ಅಥವಾ 1971ರ ಹೊತ್ತಿಗೆ ಅಮೆರಿಕನ್ನರು ಬಹುತೇಕ ಹೊರಗೆ ಬರುತ್ತಿದ್ದರು ಎಂದು ನನ್ನ ಅಂದಾಜು. ಯುದ್ಧದಲ್ಲಿ ಸತ್ತ 58 ಸಾವಿರ ಅಮೆರಿಕನ್ನರಲ್ಲಿ 20 ಸಾವಿರಕ್ಕೂ ಜಾಸ್ತಿ ಜನ ಸತ್ತದ್ದು 1969ರಿಂದೀಚೆಗೆ. ಅವರಲ್ಲಿ ಎಷ್ಟೋ ಜನ ಬದುಕುತ್ತಿದ್ದರು. ಆದರೆ ಸೈಗಾನ್ 1975ಕ್ಕೆ ಬಿದ್ದದ್ದು ಇನ್ನೂ ಮುಂಚೆ ಬೀಳುತ್ತಿತ್ತು. ಆ ಸೋಲಿನ ಹೊಣೆ ಹಂಫ್ರೆ ಹೆಗಲಿಗೆ. ಆಗ ಸಂಸತ್ತಿನಲ್ಲೂ ಟಿವಿಯಲ್ಲೂ ದೇಶ ಮಾರಿದವರು ಎಂದು ಕೂಗುತ್ತಿದ್ದವರ ಮುಂದಾಳು ಯಾರು? ನಿಕ್ಸನ್ ಅಲ್ಲದಿದ್ದರೆ ರೇಗನ್.

ಕಾಂಬೋಡಿಯಾ ಮೇಲಿನ ಗುಟ್ಟಿನ ಬಾಂಬ್ ದಾಳಿಯ ವಿಷಯದಲ್ಲಿ ಮಾತ್ರ ನನಗೆ ಜಾಸ್ತಿ ಧೈರ್ಯವಿದೆ. 1969ರ ಮಾರ್ಚ್‌ನಲ್ಲಿ ಶುರುವಾದದ್ದು ಅದು. ಸಂಸತ್ತಿಗೆ ಹೇಳದೆ, ದಾಖಲೆಗಳನ್ನೇ ತಿದ್ದಿ ನಡೆಸಿದ್ದು. ಪೂರ್ತಿಯಾಗಿ ಅಧ್ಯಕ್ಷನ ಕೈಲಿದ್ದ ಕೆಲಸ. ಬೇರೆ ಅಧ್ಯಕ್ಷ ಇದ್ದಿದ್ದರೆ ಅದು ಆ ರೀತಿ ನಡೆಯುತ್ತಿರಲಿಲ್ಲ.

ಈಗ ಕೋರ್ಟು. ನೀವು ಇದನ್ನು ಕೇಳಲಿಲ್ಲ, ಆದರೆ ನನ್ನ ಅಳತೆಗೋಲಿಗೆ ಇದಕ್ಕಿಂತ ಸರಿಯಾದ ಉದಾಹರಣೆ ಇಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಒಂಬತ್ತು ಜನ. ಹೆಸರು ಸೂಚಿಸುವುದು ಅಧ್ಯಕ್ಷ, ಒಪ್ಪುವುದು ಸೆನೆಟ್. ನಿವೃತ್ತಿಗೆ ವಯಸ್ಸಿನ ಮಿತಿ ಇಲ್ಲ. ನಿಕ್ಸನ್ ಮೊದಲ ಅವಧಿಯಲ್ಲೇ ನಾಲ್ಕು ಜನರನ್ನು ಕೂರಿಸಿದರು: ಮುಖ್ಯ ನ್ಯಾಯಮೂರ್ತಿ ಬರ್ಗರ್, ಬ್ಲ್ಯಾಕ್‌ಮನ್, ಪೊವೆಲ್, ರೆಂಕ್ವಿಸ್ಟ್. ಹಳೆಯ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ 1968ರ ಜೂನ್‌ನಲ್ಲೇ ಹೋಗುತ್ತೇನೆ ಅಂದಿದ್ದರು. ಬ್ಲ್ಯಾಕ್ ಮತ್ತು ಹಾರ್ಲನ್ 1971ರ ಸೆಪ್ಟೆಂಬರ್‌ನಲ್ಲಿ ಕಾಯಿಲೆಯಿಂದ ಬಿಟ್ಟರು. ಅಧ್ಯಕ್ಷ ಯಾರಾದರೂ ಈ ಮೂರು ಜಾಗ ಖಾಲಿಯಾಗುವುದೇ ಇತ್ತು. ನಾಲ್ಕನೆಯದು ಫೋರ್ಟಸ್ ಅವರದು. ಹಣದ ಹಗರಣದಲ್ಲಿ ಸಿಕ್ಕಿಕೊಂಡು 1969ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು. ಹಿಂದಿನಿಂದ ತಳ್ಳಿದ್ದು ನಿಕ್ಸನ್ ಸರ್ಕಾರ. ಹಂಫ್ರೆ ಇದ್ದಿದ್ದರೆ ಅವರು ಉಳಿದರೂ ಉಳಿದಾರು.

ಇದರ ಪರಿಣಾಮ ಎಲ್ಲಿ ಕಾಣುತ್ತದೆ ಅಂದರೆ ಶಾಲೆಗಳಲ್ಲಿ. ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದ ಬಡ ಬಡಾವಣೆಯ ಪೋಷಕರು ಒಂದು ಕೇಸು ಹಾಕಿದ್ದರು. ಅಮೆರಿಕದಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಊರಿನ ಆಸ್ತಿ ತೆರಿಗೆಯಿಂದ ಬರುತ್ತದೆ. ಶ್ರೀಮಂತರ ಬಡಾವಣೆಯ ಶಾಲೆಗೆ ಜಾಸ್ತಿ ದುಡ್ಡು, ಬಡವರ ಶಾಲೆಗೆ ಕಡಿಮೆ. ಇದು ಸಂವಿಧಾನಕ್ಕೆ ವಿರುದ್ಧ ಎಂಬುದು ಅವರ ವಾದ. 1973ರಲ್ಲಿ 5-4ರಿಂದ ಸೋತರು. ಆ ಐವರಲ್ಲಿ ನಾಲ್ವರು ನಿಕ್ಸನ್ ಕೂರಿಸಿದವರು. ಮರುವರ್ಷ ಡೆಟ್ರಾಯ್ಟ್ ಕೇಸು. ನಗರದ ಕರಿಯ ಮಕ್ಕಳನ್ನೂ ಸುತ್ತಲಿನ ಬಿಳಿಯರ ಉಪನಗರಗಳ ಮಕ್ಕಳನ್ನೂ ಬಸ್ಸುಗಳಲ್ಲಿ ಕರೆದೊಯ್ದು ಒಂದೇ ಶಾಲೆಗಳಲ್ಲಿ ಬೆರೆಸಬಹುದೇ ಎಂಬ ಪ್ರಶ್ನೆ. ಮತ್ತೆ 5-4, ಮತ್ತೆ ಅದೇ ಐವರು, ಬೇಡ ಎಂದರು. ಎರಡೂ ಕೇಸಿನಲ್ಲಿ ಒಂದೇ ಒಂದು ಕುರ್ಚಿ ಬದಲಾಗಿದ್ದರೆ ತೀರ್ಪು ಉಲ್ಟಾ.

ಹಾಗಂತ ಎಲ್ಲ ಚೆನ್ನಾಗಿ ಆಗುತ್ತಿತ್ತು ಅಂದುಕೊಳ್ಳಬೇಡಿ. ಬಸ್ಸಿನ ವಿಷಯ ಬಿಳಿಯರಲ್ಲಿ ಎಷ್ಟು ಸಿಟ್ಟೆಬ್ಬಿಸಿತ್ತು ಎಂದರೆ, 1972ರಲ್ಲಿ ವಾಲೇಸ್ ಡೆಮಾಕ್ರಟಿಕ್ ಪ್ರೈಮರಿಯಲ್ಲಿ ಮಿಷಿಗನ್‌ನಂಥ ಉತ್ತರದ ರಾಜ್ಯವನ್ನೇ ಗೆದ್ದರು. ತೀರ್ಪು ಬಸ್ಸಿನ ಪರ ಬಂದಿದ್ದರೆ ಆ ಸಿಟ್ಟು ಇಮ್ಮಡಿ. 1968ರಲ್ಲೇ ನಿಕ್ಸನ್ ಮತ್ತು ವಾಲೇಸ್ ಮತ ಸೇರಿಸಿದರೆ ಶೇ 57ರ ಹತ್ತಿರ. ಹಂಫ್ರೆ ಗೆದ್ದಿದ್ದರೂ ಅದು ಈ ಶೇ 57ರ ನಡುವೆ ನುಸುಳಿ ಪಡೆದ ಗೆಲುವು. ಇದನ್ನು ಮರೆತು ಬರೆದ ಕಲ್ಪನೆಯ ಇತಿಹಾಸಗಳೆಲ್ಲ ನನಗೆ ಸಕ್ಕರೆ ಜಾಸ್ತಿಯಾದ ಕಾಫಿ ಅನ್ನಿಸುತ್ತವೆ.

ವಾಟರ್‌ಗೇಟ್ ಹಗರಣ, ಅಂದರೆ ಡೆಮಾಕ್ರಟಿಕ್ ಪಕ್ಷದ ಕಚೇರಿಯ ಕಳ್ಳತನದಿಂದ ಶುರುವಾಗಿ ನಿಕ್ಸನ್ ಕುರ್ಚಿಯನ್ನೇ ಕಳೆದದ್ದು, ಇರುತ್ತಿರಲಿಲ್ಲ, ಅದು ಹೇಳಬೇಕಾದ್ದೇ ಇಲ್ಲ. ಆದರೆ ಅದರ ಬೇರು ನೋಡಿ. ಶ್ವೇತಭವನದ ಮಾತುಕತೆ ಮುದ್ರಿಸಿಕೊಂಡ 1971ರ ಜೂನ್ 17ರ ಟೇಪಿನಲ್ಲಿ ನಿಕ್ಸನ್, ಬ್ರೂಕಿಂಗ್ಸ್ ಎಂಬ ಸಂಶೋಧನಾ ಸಂಸ್ಥೆಗೆ ನುಗ್ಗಿ ತಿಜೋರಿ ಒಡೆದು ಒಂದು ಫೈಲ್ ತನ್ನಿ ಅನ್ನುತ್ತಾರೆ. ಯಾವ ಫೈಲ್? 1968ರಲ್ಲಿ ಜಾನ್ಸನ್ ಬಾಂಬ್ ದಾಳಿ ನಿಲ್ಲಿಸಿದ್ದರ ಫೈಲ್. ಶೆನಾಲ್ಟ್ ವಿಷಯ ಅದರಲ್ಲಿದ್ದರೆ ಎಂಬ ಅಳುಕು ಇತ್ತು ಅನ್ನುವುದು ಕೆಲವು ಇತಿಹಾಸಕಾರರ ವಾದ. ನನಗೂ ಅದು ಸರಿ ಕಾಣುತ್ತದೆ. ಆ ಕಳ್ಳತನ ನಡೆಯಲಿಲ್ಲ. ಆದರೆ ಕದಿಯಲು ತಂಡ ಕಟ್ಟುವ ಚಟ ಅಲ್ಲಿಂದ ಬಂತು. ಸರಿಯಾಗಿ ಒಂದು ವರ್ಷಕ್ಕೆ, 1972ರ ಜೂನ್ 17ಕ್ಕೆ, ವಾಟರ್‌ಗೇಟ್‌ನಲ್ಲಿ ಕಳ್ಳರು ಸಿಕ್ಕಿಬಿದ್ದರು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಬೆಲೆ ಏರಿಕೆ ಜಾನ್ಸನ್ ಬಿಟ್ಟುಹೋದ ಬಳುವಳಿ. ಡಾಲರ್‌ಗೆ ಚಿನ್ನ ಕೊಡುವುದನ್ನು ನಿಕ್ಸನ್ 1971ರ ಆಗಸ್ಟ್ 15ಕ್ಕೆ ನಿಲ್ಲಿಸಿದರು. ಯಾರಿದ್ದರೂ ಒಂದಲ್ಲ ಒಂದು ದಿನ ನಿಲ್ಲಿಸಲೇಬೇಕಿತ್ತು, ಅಷ್ಟು ಚಿನ್ನ ಅವರ ಬಳಿ ಇರಲಿಲ್ಲ. ಪರಿಸರ ಕಾನೂನುಗಳೂ ಬರುತ್ತಿದ್ದವು. ಹಂಫ್ರೆ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಎಡ್ಮಂಡ್ ಮಸ್ಕಿಯೇ ಸೆನೆಟ್‌ನಲ್ಲಿ ಆ ಕಾನೂನುಗಳ ಮುಂದಾಳು. 1972ರಲ್ಲಿ ಬೆಲೆ ಏರಿಕೆ, ವಿಯೆಟ್ನಾಂ ಸೋಲು, ಬಸ್ಸಿನ ಜಗಳ ಮೂರನ್ನೂ ಹೊತ್ತುಕೊಂಡು ಹಂಫ್ರೆ ಮತ್ತೆ ಗೆಲ್ಲುತ್ತಿದ್ದರು ಅನ್ನಿಸುವುದಿಲ್ಲ.

ಇನ್ನು ನಿಮ್ಮ ಯುದ್ಧನೌಕೆ.

ಹಂಫ್ರೆಗೆ ಭಾರತದ ಮೇಲೆ ಪ್ರೀತಿ ಇತ್ತು. 1966ರ ಜನವರಿಯಲ್ಲಿ ಶಾಸ್ತ್ರಿಯವರ ಅಂತ್ಯಕ್ರಿಯೆಗೆ ಅಮೆರಿಕದ ಪರವಾಗಿ ಬಂದವರು ಅವರೇ. ಪಿಎಲ್-480 ಎಂಬ ಹೆಸರು ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. ಅಮೆರಿಕದಲ್ಲಿ ಮಿಕ್ಕ ಧಾನ್ಯವನ್ನು ಬೇರೆ ದೇಶಗಳಿಗೆ ಕೊಡುವ ಕಾನೂನು. ಸೆನೆಟ್‌ನಲ್ಲಿ ಅದರ ಬೆನ್ನಿಗೆ ನಿಂತವರಲ್ಲಿ ಹಂಫ್ರೆ ಮುಖ್ಯರು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಧ್ಯಾಹ್ನ ಕೊಡುತ್ತಿದ್ದ ಕೇರ್ ಉಪ್ಪಿಟ್ಟು ತಿಂದವರು ಇದನ್ನು ಓದುತ್ತಿದ್ದರೆ, ಆ ಹಳದಿ ಪುಡಿ ಬರುತ್ತಿದ್ದದ್ದು ಇದೇ ಕಾನೂನಿನ ದಾರಿಯಲ್ಲಿ. ಆದರೆ ಡೆಮಾಕ್ರಟರೆಲ್ಲ ನಮ್ಮ ಬಂಧುಗಳು ಅಂದುಕೊಳ್ಳುವುದೂ ತಪ್ಪು. 1966ರಲ್ಲಿ ಬರ ಬಿದ್ದು ನಾವು ಸುಮಾರು 1 ಕೋಟಿ ಟನ್ ಧಾನ್ಯ ಹೊರಗಿನಿಂದ ತಂದಾಗ, ವಿಯೆಟ್ನಾಂ ಬಗ್ಗೆ ದೆಹಲಿ ಆಡಿದ ಮಾತಿಗೆ ಸಿಟ್ಟಾಗಿ, ಹಡಗು ಹಡಗಿಗೂ ಲೆಕ್ಕ ಹಾಕಿ ಸತಾಯಿಸಿದ್ದು ಇದೇ ಜಾನ್ಸನ್.

1971ರ ಯುದ್ಧದ ಕಾರಣಗಳು ವಾಷಿಂಗ್ಟನ್‌ನಲ್ಲಿ ಇರಲಿಲ್ಲ. 1970ರ ನವೆಂಬರ್‌ನ ಚಂಡಮಾರುತ, ಡಿಸೆಂಬರ್‌ನ ಚುನಾವಣೆಯಲ್ಲಿ ಪೂರ್ವ ಪಾಕಿಸ್ತಾನದ ನಾಯಕ ಮುಜೀಬ್ ಗೆಲುವು, ಮಾರ್ಚ್ 25ರ ರಾತ್ರಿ ಢಾಕಾದಲ್ಲಿ ಪಾಕ್ ಸೇನೆ ಶುರು ಮಾಡಿದ ಕೊಲೆಗಳು, ನಮ್ಮ ಕಡೆ ಬಂದ ಸುಮಾರು 1 ಕೋಟಿ ನಿರಾಶ್ರಿತರು. ಹಂಫ್ರೆ ಇದ್ದಿದ್ದರೂ ಇವೆಲ್ಲ ಆಗುತ್ತಿದ್ದವು. ಯುದ್ಧವೂ ಬಹುತೇಕ ಆಗುತ್ತಿತ್ತು.

ಆಗದೇ ಇರುತ್ತಿದ್ದದ್ದು ಪಾಕಿಸ್ತಾನದ ಸೇನಾ ಆಡಳಿತಗಾರ ಯಾಹ್ಯಾ ಖಾನ್ ಮೇಲಿನ ಆ ಮಮತೆ. ನಿಕ್ಸನ್‌ಗೆ ಚೀನಾಕ್ಕೆ ಹೋಗಲು ಬಾಗಿಲು ಬೇಕಿತ್ತು. ಅದನ್ನು ಯಾಹ್ಯಾ ತೆರೆದರು. 1971ರ ಜುಲೈನಲ್ಲಿ ನಿಕ್ಸನ್ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಪಾಕಿಸ್ತಾನದಲ್ಲಿ ಹೊಟ್ಟೆನೋವು ಎಂದು ಸುದ್ದಿ ಹಬ್ಬಿಸಿ ಗುಟ್ಟಾಗಿ ಬೀಜಿಂಗ್‌ಗೆ ಹಾರಿದರು. ಹಂಫ್ರೆಗೆ ಅಷ್ಟು ಆತುರ ಇರುತ್ತಿರಲಿಲ್ಲ. ಕಮ್ಯುನಿಸ್ಟರ ಜೊತೆ ಕೈಕುಲುಕಿದರೆ ತನ್ನ ಮೇಲೆ ಮುಗಿಬೀಳುವವರು ಯಾರು ಎಂದು ಅವರಿಗೆ ಗೊತ್ತಿತ್ತು. ನಿಕ್ಸನ್‌ಗೆ ಆ ಭಯ ಇರಲಿಲ್ಲ. ಮುಗಿಬೀಳುವವರ ನಾಯಕ ಅವರೇ ಆಗಿದ್ದರು! ಹಂಫ್ರೆ ಚೀನಾ ಕಡೆ ಹೆಜ್ಜೆ ಇಟ್ಟಿದ್ದರೂ ವಾರ್ಸಾದಲ್ಲಿ ರಾಯಭಾರಿಗಳ ಹಳೆಯ ದಾರಿ ಇತ್ತು. ಯಾಹ್ಯಾ ಋಣ ಬೇಕಿರಲಿಲ್ಲ.

ಢಾಕಾದಲ್ಲಿದ್ದ ಅಮೆರಿಕದ ಕಾನ್ಸುಲ್ ಆರ್ಚರ್ ಬ್ಲಡ್ ಏಪ್ರಿಲ್ 6ರಂದು ತಮ್ಮ ಸರ್ಕಾರದ ಮೌನವನ್ನೇ ಖಂಡಿಸಿ ತಂತಿ ಕಳಿಸಿದರು. ನಿಕ್ಸನ್ ಅವರನ್ನು ಅಲ್ಲಿಂದ ತೆಗೆಸಿದರು. ಹಂಫ್ರೆ ಮೇಜಿನ ಮೇಲೆ ಆ ತಂತಿಗೆ ಬೇರೆಯೇ ಬೆಲೆ ಇರುತ್ತಿತ್ತು. ಡಿಸೆಂಬರ್‌ನಲ್ಲಿ 'ಎಂಟರ್‌ಪ್ರೈಸ್' ನೌಕೆಯನ್ನು ಬಂಗಾಳ ಕೊಲ್ಲಿಗೆ ಕಳಿಸಿದ್ದು ನಿಕ್ಸನ್ ಮತ್ತು ಕಿಸಿಂಜರ್ ಇಬ್ಬರೇ ಕೂತು ಮಾಡಿದ ತೀರ್ಮಾನ. ಹಾಗಾಗಿ ನಿಮ್ಮ ಊಹೆ ಸರಿ. ಹಂಫ್ರೆ ಇದ್ದಿದ್ದರೆ ಅದು ಬರುತ್ತಿರಲಿಲ್ಲ. ಸೋವಿಯತ್ ಜೊತೆಗಿನ ಆಗಸ್ಟ್ 9ರ ಒಪ್ಪಂದದ ಮಾತು 1969ರಿಂದಲೇ ನಡೆದಿತ್ತು. ಕಿಸಿಂಜರ್ ಬೀಜಿಂಗ್‌ಗೆ ಹೋಗಿ ಬಂದ ಮೇಲೆ ನಾವು ಆತುರದಲ್ಲಿ ಸಹಿ ಹಾಕಿದೆವು. ಆ ಆತುರ ಇಲ್ಲದಿದ್ದರೆ ಕರಡು ಇನ್ನೂ ಕೆಲವು ಕಾಲ ದೆಹಲಿಯ ಕಪಾಟಿನಲ್ಲೇ ಇರುತ್ತಿತ್ತೇನೋ. ಹಂಫ್ರೆ ಗೆಲುವಿನಿಂದ ನಮಗೆ ಆಗುತ್ತಿದ್ದ ದೊಡ್ಡ ಬದಲಾವಣೆ ಇದು ಎಂದು ನನಗನ್ನಿಸುತ್ತದೆ. ನೌಕೆ ಬಂದು ಏನೂ ಮಾಡಲಿಲ್ಲ, ಮರುದಿನವೇ ಢಾಕಾ ಶರಣಾಯಿತು. ಆದರೆ ಮಾಸ್ಕೋ ಕಡೆಗಿನ ವಾಲಿಕೆ ಇಪ್ಪತ್ತು ವರ್ಷ ಉಳಿಯಿತು.

ಕೊನೆಗೆ ನೀವು ಕೇಳದ ಇನ್ನೊಂದು. ನಿಕ್ಸನ್ ಗೆಲ್ಲದೆ, ಹಂಫ್ರೆಯೂ ಗೆಲ್ಲದೆ ಹೋಗಿದ್ದರೆ? ಅದಕ್ಕೆ ಒಂದೂವರೆ ಲಕ್ಷವೂ ಬೇಕಿರಲಿಲ್ಲ. ಒಹಾಯೊ ಮತ್ತು ಮಿಸೌರಿಯಲ್ಲಿ ಸೇರಿ ಸುಮಾರು 56 ಸಾವಿರ ಜನ ಮನಸ್ಸು ಬದಲಿಸಿದ್ದರೆ ನಿಕ್ಸನ್ 263ಕ್ಕೆ ನಿಲ್ಲುತ್ತಿದ್ದರು. ಯಾರಿಗೂ 270 ಇಲ್ಲ. ವಾಲೇಸ್ ಕಾಯುತ್ತಿದ್ದದ್ದೇ ಇದಕ್ಕೆ. ತನ್ನ 46 ಎಲೆಕ್ಟರ್‌ಗಳನ್ನು ಮುಂದಿಟ್ಟುಕೊಂಡು ಚೌಕಾಸಿ ಮಾಡುವುದು, ನಾಗರಿಕ ಹಕ್ಕುಗಳ ಕಾನೂನುಗಳನ್ನು ಸಡಿಲ ಮಾಡಿಸುವುದು. ಅದೂ ಆಗದಿದ್ದರೆ ಪ್ರತಿನಿಧಿ ಸಭೆ ಅಧ್ಯಕ್ಷನನ್ನು ಆರಿಸಬೇಕು, ರಾಜ್ಯಕ್ಕೊಂದೇ ಮತ. ಕೋಟ್ಯಂತರ ಜನರ ಕ್ಯಾಲಿಫೋರ್ನಿಯಾಕ್ಕೂ ಒಂದು, ಕೆಲವು ಲಕ್ಷದ ಅಲಾಸ್ಕಕ್ಕೂ ಒಂದು. 26 ಬೇಕು. ಉಪಾಧ್ಯಕ್ಷನನ್ನು ಸೆನೆಟ್ ಬೇರೆಯಾಗಿ ಆರಿಸುತ್ತದೆ. ನಿಕ್ಸನ್ ಅಧ್ಯಕ್ಷ, ಮಸ್ಕಿ ಉಪಾಧ್ಯಕ್ಷ ಆಗುವ ವಿಚಿತ್ರವೂ ಸಾಧ್ಯವಿತ್ತು.

ಇಷ್ಟು ಹತ್ತಿರ ಬಂದು ತಪ್ಪಿದ್ದಕ್ಕೇ ಅಮೆರಿಕನ್ನರು ಬೆಚ್ಚಿದರು. 1969ರ ಸೆಪ್ಟೆಂಬರ್‌ನಲ್ಲಿ ಎಲೆಕ್ಟರ್ ಪದ್ಧತಿಯನ್ನೇ ತೆಗೆದು ನೇರ ಮತ ತರುವ ತಿದ್ದುಪಡಿ ಪ್ರತಿನಿಧಿ ಸಭೆಯಲ್ಲಿ 338-70ರಿಂದ ಪಾಸಾಯಿತು. ನಿಕ್ಸನ್ ಕೂಡ ಬೆಂಬಲಿಸಿದರು. ಮರುವರ್ಷ ಸೆನೆಟ್‌ನಲ್ಲಿ ಕೆಲವರು ಚರ್ಚೆಯನ್ನು ಎಳೆದೆಳೆದು ಅದನ್ನು ಸಾಯಿಸಿದರು. ಹೆದರಿಕೆಯಿಂದಲೇ ಅಷ್ಟು ದೂರ ಹೋದದ್ದು, ವಾಲೇಸ್ ಮುಂದೆ ಇಬ್ಬರೂ ಸಾಲು ನಿಂತು ಚೌಕಾಸಿ ಮಾಡುವುದನ್ನು ದೇಶ ಕಣ್ಣಾರೆ ನೋಡಿದ್ದರೆ ಸೆನೆಟ್‌ನಲ್ಲೂ ಪಾಸಾಗುತ್ತಿತ್ತು, ರಾಜ್ಯಗಳೂ ಒಪ್ಪುತ್ತಿದ್ದವು ಎಂದು ನನ್ನ ನಂಬಿಕೆ. ಹಾಗಾದರೆ 2000ದಲ್ಲಿ ಅಲ್ ಗೋರ್, 2016ರಲ್ಲಿ ಹಿಲರಿ ಕ್ಲಿಂಟನ್ ಗೆಲ್ಲುತ್ತಿದ್ದರು, ಜನರ ಮತ ಅವರಿಗೇ ಜಾಸ್ತಿ ಇತ್ತಲ್ಲ ಎಂದು ನೀವು ಕೇಳಬಹುದು. ಅಷ್ಟು ದೂರಕ್ಕೆ ನಾನು ಬರುವುದಿಲ್ಲ. ಲೆಕ್ಕದ ಪದ್ಧತಿ ಬೇರೆಯಾದರೆ ಪ್ರಚಾರ ನಡೆಸುವ ಊರುಗಳೂ ಬೇರೆ, ದುಡ್ಡು ಸುರಿಯುವ ರಾಜ್ಯಗಳೂ ಬೇರೆ, ಟಿಕೆಟ್ ಸಿಗುವ ಮುಖಗಳೂ ಬೇರೆ. 2000ದ ಕಣದಲ್ಲಿ ಗೋರ್ ಇರುತ್ತಿದ್ದರು ಅನ್ನುವುದೇ ಖಾತ್ರಿಯಿಲ್ಲ.